ಪ್ರಾಸ್ಟೇಟ್ ಆಪರೇಷನ್ ನಂತರದ ಮೂತ್ರ ಸೋರಿಕೆ: ವ್ಯಾಯಾಮ ಬರೆದುಕೊಟ್ಟರೆ ಸಾಲದು, ಕಲಿಸಬೇಕು

ಮಾನ್ಯ ಸಂಪಾದಕರೇ,

ಪ್ರಾಸ್ಟೇಟ್ ಆಪರೇಷನ್ ಆಗಿ, ಮೂತ್ರದ ಪೈಪ್ ತೆಗೆಸಿಕೊಂಡು ಮನೆಗೆ ಬಂದ ಗಂಡಸರಲ್ಲಿ ಬಹಳ ಮಂದಿಗೆ ಅವತ್ತೇ ಪಂಚೆ ಒದ್ದೆಯಾಗುತ್ತದೆ. ಕೆಮ್ಮಿದರೆ, ಕುರ್ಚಿಯಿಂದ ಎದ್ದರೆ, ಮೆಟ್ಟಿಲಿಳಿದರೆ ಸೋರುತ್ತದೆ. ಕ್ಯಾನ್ಸರ್ ಹೋಯಿತಲ್ಲ, ಇಷ್ಟು ಸಹಿಸಿಕೊಳ್ಳಿ ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ಎಷ್ಟೋ ಸಲ ಒಂದೇ ಸಾಲು ಇರುತ್ತದೆ: ಕೀಗಲ್ ವ್ಯಾಯಾಮ ಮಾಡಿ. ಅದೂ ಇಂಗ್ಲಿಷಿನಲ್ಲಿ. ಯಾವ ಸ್ನಾಯು, ಎಷ್ಟು ಹೊತ್ತು, ದಿನಕ್ಕೆ ಎಷ್ಟು ಸಲ ಎಂಬುದು ಅದರಿಂದ ಯಾರಿಗೂ ತಿಳಿಯುವುದಿಲ್ಲ. ಮದುವೆಮನೆ, ದೇವಸ್ಥಾನ, ಮಸೀದಿ, ಕುಕ್ಕರಹಳ್ಳಿ ಕೆರೆಯ ಬೆಳಗಿನ ವಾಕಿಂಗ್ ಎಲ್ಲವನ್ನೂ ಬಿಟ್ಟು ಮನೆ ಹಿಡಿದು ಕೂತವರು ಮೈಸೂರಿನಲ್ಲೂ ಇದ್ದಾರೆ, ಮಂಡ್ಯದ ಹಳ್ಳಿಗಳಲ್ಲೂ ಇದ್ದಾರೆ. ಪೆಲ್ವಿಕ್ ಫ್ಲೋರ್ ಎಂದರೆ ಮೂತ್ರಕೋಶಕ್ಕೆ ಕೆಳಗಿನಿಂದ ಆಸರೆಯಾಗಿರುವ ಸ್ನಾಯುಗಳು, ಕೀಗಲ್ ಎಂದರೆ ಅವನ್ನು ಬಿಗಿದು ಬಿಡುವ ವ್ಯಾಯಾಮ. ಈ ಸ್ನಾಯುಗಳ ಚಿಕಿತ್ಸೆ ಮಾಡುವ ಫಿಸಿಯೊಥೆರಪಿಸ್ಟರಾಗಿ ನಾವು ಈ ಪತ್ರ ಬರೆಯುತ್ತಿದ್ದೇವೆ. ಅಂಗಗಳ ಹೆಸರನ್ನು ನೇರವಾಗಿಯೇ ಬರೆದಿದ್ದೇವೆ. ಇಲ್ಲಿ ಸಂಕೋಚಪಟ್ಟರೆ ವ್ಯಾಯಾಮವೇ ತಪ್ಪಾಗುತ್ತದೆ.

ಗಂಡಸಿನ ಮೂತ್ರಕೋಶಕ್ಕೆ ಒಂದರ ಕೆಳಗೊಂದು ತೂಬು ಇಟ್ಟಂತೆ ಎರಡು ತಡೆಗಳಿವೆ. ಮೇಲಿನದು ಮೂತ್ರಕೋಶದ ಕುತ್ತಿಗೆಯಲ್ಲಿದೆ. ನಮ್ಮ ಗಮನವಿಲ್ಲದೆಯೂ ತಾನಾಗಿ ಮುಚ್ಚಿಕೊಂಡಿರುತ್ತದೆ. ಕೆಳಗಿನದು ಪ್ರಾಸ್ಟೇಟ್ ಗ್ರಂಥಿಯ ಕೆಳಗೆ ಮೂತ್ರನಾಳವನ್ನು ಸುತ್ತುವರಿದ ಸ್ನಾಯು. ಇದನ್ನು ಬೇಕೆಂದಾಗ ನಾವೇ ಬಿಗಿ ಮಾಡಬಹುದು. ಕ್ಯಾನ್ಸರ್‌ಗಾಗಿ ಇಡೀ ಗ್ರಂಥಿಯನ್ನು ತೆಗೆದಾಗ ಮೇಲಿನ ತಡೆಯ ಬಲ ಬಹುಮಟ್ಟಿಗೆ ಹೋಗುತ್ತದೆ. ಮೂತ್ರಕೋಶದ ಬಾಯಿಯನ್ನು ಕೆಳಗಿನ ಮೂತ್ರನಾಳಕ್ಕೆ ನೇರವಾಗಿ ಹೊಲಿಯುತ್ತಾರೆ. ಅಲ್ಲಿಂದ ಮುಂದೆ ಎಲ್ಲ ಭಾರ ಕೆಳಗಿನ ಸ್ನಾಯುವಿನ ಮೇಲೆ. ಆಪರೇಷನ್ ರೋಬೋಟ್‌ನಿಂದ ಆಗಲಿ, ಹೊಟ್ಟೆ ಕೊಯ್ದು ಆಗಲಿ, ಈ ಲೆಕ್ಕ ಬದಲಾಗುವುದಿಲ್ಲ. ಅದುವರೆಗೆ ಅರೆಕೆಲಸ ಮಾಡಿಕೊಂಡಿದ್ದ ಸ್ನಾಯು ಈಗ ದಿನವಿಡೀ ದುಡಿಯಬೇಕು, ಅದಕ್ಕೆ ಶಕ್ತಿಯೂ ಬೇಕು, ಸರಿಯಾದ ಹೊತ್ತಿಗೆ ಬಿಗಿಯಾಗುವ ಅಭ್ಯಾಸವೂ ಬೇಕು.

ವಯಸ್ಸಿನಿಂದ ಊದಿಕೊಂಡ ಪ್ರಾಸ್ಟೇಟನ್ನು ಮೂತ್ರದ್ವಾರದ ಮೂಲಕ ಒಳಗಿನಿಂದ ಕೆತ್ತಿ ತೆಗೆಯುವ ಟಿಯುಆರ್‌ಪಿ ಬೇರೆ. ಅಲ್ಲಿ ಹೆಚ್ಚಿನವರ ತೊಂದರೆ ಕೆಮ್ಮಿದಾಗ ಸೋರುವುದಲ್ಲ, ಅವಸರ. ವರ್ಷಗಟ್ಟಲೆ ಅಡ್ಡಿಯ ವಿರುದ್ಧ ಒತ್ತಿ ಒತ್ತಿ ದಪ್ಪವಾದ ಮೂತ್ರಕೋಶ ಸ್ವಲ್ಪ ತುಂಬಿದರೂ ಹಿಂಡುತ್ತದೆ, ಬಚ್ಚಲು ಮುಟ್ಟುವುದರೊಳಗೆ ಆಗಿಹೋಗಿರುತ್ತದೆ. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಇದು ತಗ್ಗುತ್ತದೆ. ಎರಡಕ್ಕೂ ಒಂದೇ ಮದ್ದಲ್ಲ, ಆದ್ದರಿಂದ ತನಗೆ ಆಗಿರುವುದು ಯಾವ ಆಪರೇಷನ್ ಎಂದು ರೋಗಿಗೆ ಮೊದಲು ಗೊತ್ತಿರಬೇಕು.

ಇನ್ನು ಮುಖ್ಯ ಮಾತು. ಕೀಗಲ್ ಎಂಬ ಅಮೆರಿಕದ ಸ್ತ್ರೀರೋಗ ವೈದ್ಯರು ಈ ವ್ಯಾಯಾಮವನ್ನು 1948ರಲ್ಲಿ ಪ್ರಕಟಿಸಿದ್ದು ಹೆರಿಗೆಯಾದ ಹೆಂಗಸರಿಗಾಗಿ. ಗಂಡಸರಿಗೆ ಕಲಿಸುವಾಗಲೂ ಬಹಳ ಕಾಲ "ಗ್ಯಾಸ್ ತಡೆಯುವಂತೆ ಹಿಂಭಾಗ ಬಿಗಿ ಮಾಡಿ" ಎಂದೇ ಹೇಳಿಕೊಂಡು ಬಂದರು. ಹಾಗೆ ಮಾಡಿದರೆ ಹೆಚ್ಚು ಬಿಗಿಯಾಗುವುದು ಗುದದ್ವಾರದ ಸ್ನಾಯು. ಮೂತ್ರ ತಡೆಯುವ ಸ್ನಾಯು ಇರುವುದು ಮುಂದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದವರು ಅಲ್ಟ್ರಾಸೌಂಡ್ ಇಟ್ಟು ನೋಡಿದಾಗ, "ಶಿಶ್ನವನ್ನು ಒಳಕ್ಕೆ ಎಳೆದುಕೊಂಡು ಗಿಡ್ಡ ಮಾಡಿ" ಎಂದು ಹೇಳಿದಾಗಲೇ ಮೂತ್ರನಾಳದ ಸ್ನಾಯು ಹೆಚ್ಚು ಕದಲಿತು. ಒಂದು ವಾಕ್ಯ ಬದಲಿಸಿದರೆ ಕೆಲಸ ಮಾಡುವ ಸ್ನಾಯುವೇ ಬದಲಾಗುತ್ತದೆ ಎಂದಾಯಿತು.

ಮೈಸೂರು ಯೋಗದ ಊರು. ಅಶ್ವಿನಿ ಮುದ್ರೆ, ಮೂಲಬಂಧ ಮಾಡುತ್ತಿದ್ದೇವಲ್ಲ, ಅದೇ ಸಾಕಲ್ಲವೇ ಎಂದು ಕೇಳುವವರು ಬಹಳ. ಅಶ್ವಿನಿ ಮುದ್ರೆಯಲ್ಲಿ ಸಂಕುಚಿಸುವುದು ಗುದದ್ವಾರವನ್ನು. ಅದರಿಂದ ತೊಂದರೆಯಿಲ್ಲ, ಆದರೆ ಈ ಕೆಲಸಕ್ಕೆ ಅದೊಂದೇ ಸಾಲದು. ಕಪಾಲಭಾತಿ, ನೌಲಿ, ಹೊಟ್ಟೆಗೆ ಬಲ ಹಾಕುವ ಆಸನಗಳನ್ನು ಮಾತ್ರ ಸರ್ಜನ್ ಒಪ್ಪಿಗೆ ಕೊಡುವವರೆಗೆ ಮಾಡಬಾರದು. ಹೊಟ್ಟೆಯ ಒತ್ತಡವೆಲ್ಲ ಹಸಿ ಹೊಲಿಗೆಯ ಮೇಲೂ ಸೋತ ಸ್ನಾಯುವಿನ ಮೇಲೂ ಬೀಳುತ್ತದೆ.

ಸ್ನಾಯುವನ್ನು ಹುಡುಕುವುದು ಹೀಗೆ. ಅಂಗಾತ ಮಲಗಿ ಮಂಡಿ ಮಡಚಿ ಪಾದ ಊರಿಕೊಳ್ಳಿ. ಒಂದು ಕೈ ಹೊಟ್ಟೆಯ ಮೇಲಿರಲಿ. ಇನ್ನೊಂದು ಕೈಯ ಎರಡು ಬೆರಳನ್ನು ವೃಷಣಗಳ ಹಿಂದೆ, ಗುದದ್ವಾರಕ್ಕೆ ಮೊದಲು ಸಿಗುವ ಮೆತ್ತನೆಯ ಜಾಗದ ಮೇಲೆ ಇಡಿ. ಉಸಿರು ನಿಧಾನವಾಗಿ ಬಿಡುತ್ತಾ, ಹೊರಡುತ್ತಿರುವ ಮೂತ್ರವನ್ನು ತಡೆಯುವಂತೆ ಶಿಶ್ನವನ್ನು ಮೆಲ್ಲಗೆ ಒಳಕ್ಕೆ ಎಳೆದುಕೊಳ್ಳಿ. ಬೆರಳಿನಡಿ ಬಿಗಿತ ತಿಳಿಯಬೇಕು, ಹೊಟ್ಟೆ ಹೊರಕ್ಕೆ ಉಬ್ಬಬಾರದು. ಆಮೇಲೆ ಕನ್ನಡಿಯ ಮುಂದೆ ನಿಂತು ಇದನ್ನೇ ಮಾಡಿ. ಶಿಶ್ನದ ಬುಡ ಒಳಸರಿದು ವೃಷಣಗಳು ತುಸು ಮೇಲೇಳಬೇಕು. ಕುಂಡಿ ಬಿಗಿಯಾಗಿ ತೊಡೆ ಒಂದಕ್ಕೊಂದು ಒತ್ತಿಕೊಂಡು ವೃಷಣಗಳು ಅಲ್ಲಾಡದೆ ಇದ್ದರೆ ಬೇರೆ ಸ್ನಾಯುಗಳು ದುಡಿಯುತ್ತಿವೆ ಎಂದೇ ಅರ್ಥ. ಬಲ ಹೆಚ್ಚು ಹಾಕಿದಷ್ಟೂ ಈ ತಪ್ಪು ಹೆಚ್ಚುತ್ತದೆ. ಪೂರ್ತಿ ಬಲದ ಮೂರನೇ ಒಂದು ಭಾಗದಿಂದ ಶುರು ಮಾಡಿದರೆ ಸಾಕು. ಮೂತ್ರ ಮಾಡುವಾಗ ನಡುವೆ ತಡೆದು ನೋಡುವುದನ್ನು ಸ್ನಾಯು ಯಾವುದೆಂದು ತಿಳಿಯಲು ಒಮ್ಮೆ ಮಾಡಬಹುದು. ದಿನಾ ಅದನ್ನೇ ವ್ಯಾಯಾಮ ಮಾಡಿಕೊಂಡರೆ ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯುವ ಅಪಾಯವಿದೆ.

ಇದನ್ನೆಲ್ಲ ಆಪರೇಷನ್‌ಗೆ ಮೊದಲೇ ಕಲಿಯಬೇಕು, ಎರಡರಿಂದ ನಾಲ್ಕು ವಾರ ಮುಂಚೆ. ಗಾಯದ ನೋವು, ಮರಗಟ್ಟಿದ ಭಾವ ಇರುವಾಗ ಹೊಸ ಸ್ನಾಯುವನ್ನು ಹುಡುಕುವುದು ಕಷ್ಟ. ಪೈಪ್ ಒಳಗಿರುವಾಗ ಈ ವ್ಯಾಯಾಮ ಬೇಡ. ಇಡೀ ಗ್ರಂಥಿ ತೆಗೆದವರಿಗೆ ಪೈಪ್ ಸಾಮಾನ್ಯವಾಗಿ 7ರಿಂದ 14 ದಿನ ಇರುತ್ತದೆ. ತೆಗೆದ ಮೇಲೆ ಸರ್ಜನ್ ಒಪ್ಪಿಗೆ ಪಡೆದು ಮೆಲ್ಲಗೆ ಆರಂಭಿಸಬೇಕು.

ಪ್ರಮಾಣ ಎಲ್ಲರಿಗೂ ಒಂದೇ ಅಲ್ಲ, ಆದರೆ ಆರಂಭಕ್ಕೆ ಹೀಗೆ ಇಟ್ಟುಕೊಳ್ಳಬಹುದು. 3 ಸೆಕೆಂಡ್ ಬಿಗಿ ಹಿಡಿದು 6 ಸೆಕೆಂಡ್ ಪೂರ್ತಿ ಸಡಿಲ ಬಿಡಿ, ಹೀಗೆ 10 ಸಲ. ಒಂದು ನಿಮಿಷ ಸುಧಾರಿಸಿಕೊಂಡು, ತಟ್ಟನೆ ಬಿಗಿದು ತಟ್ಟನೆ ಬಿಡುವುದು 10 ಸಲ. ದಿನಕ್ಕೆ ಮೂರು ಹೊತ್ತು. ಹತ್ತನೆಯ ಸಲವೂ ಮೊದಲಿನಷ್ಟೇ ಚೆನ್ನಾಗಿ ಬಂದರೆ ಮಾತ್ರ ಒಂದು ಸೆಕೆಂಡ್ ಏರಿಸಿ, ಹಾಗೇ 10 ಸೆಕೆಂಡ್‌ವರೆಗೆ ಹೋಗಿ. ಮೊದಲು ಮಲಗಿ, ಆಮೇಲೆ ಕೂತು, ಕೊನೆಗೆ ನಿಂತು. ಮಲಗಿ ಮಾಡುವುದರಲ್ಲೇ ನಿಂತುಬಿಡುವವರು ಬಹಳ ಜನ. ಸೋರುವುದು ಎದ್ದು ಓಡಾಡುವಾಗ, ಆದ್ದರಿಂದ ಅಭ್ಯಾಸವೂ ಅಲ್ಲಿಗೇ ತಲುಪಬೇಕು. ಸಡಿಲ ಬಿಡುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಿಡದೆ ಬಿಗಿ ಹಿಡಿದ ಸ್ನಾಯು ದಣಿಯುತ್ತದೆ, ಬೇಕಾದ ಕ್ಷಣಕ್ಕೆ ಕೈಕೊಡುತ್ತದೆ. ಬೇಗ ಗುಣವಾಗಲೆಂದು ದಿನಕ್ಕೆ ಇನ್ನೂರು ಮುನ್ನೂರು ಸಲ ಮಾಡಿದರೆ ಸಂಜೆ ಸೋರುವುದು ಹೆಚ್ಚುತ್ತದೆ, ವೃಷಣಗಳ ಹಿಂದೆ ನೋವು ಬರುತ್ತದೆ, ಮೂತ್ರ ಶುರುವಾಗಲು ತಡವಾಗುತ್ತದೆ. ಹೀಗಾದರೆ ಎರಡು ದಿನ ನಿಲ್ಲಿಸಿ, ಅರ್ಧ ಪ್ರಮಾಣದಿಂದ ಮತ್ತೆ ಆರಂಭಿಸಬೇಕು.

ಶಕ್ತಿಗಿಂತ ಹೊತ್ತು ಮುಖ್ಯ. ಕೆಮ್ಮು, ಸೀನು, ಏಳುವುದು, ಎತ್ತುವುದು, ಇವುಗಳಿಗೆ ಒಂದು ಕ್ಷಣ ಮೊದಲೇ ಸ್ನಾಯು ಬಿಗಿಯಾಗಿರಬೇಕು. ಕುರ್ಚಿಯಿಂದ ಏಳುವುದನ್ನೇ ತೆಗೆದುಕೊಳ್ಳಿ. ಅಂಚಿಗೆ ಸರಿದು, ಪಾದಗಳನ್ನು ಮಂಡಿಯ ಕೆಳಗೆ ತಂದುಕೊಂಡು, ಮುಂದೆ ಬಾಗಿ, ಮೊದಲು ಬಿಗಿ ಮಾಡಿ, ಉಸಿರು ಬಿಡುತ್ತಾ ಎದ್ದು, ಪೂರ್ತಿ ನಿಂತ ಮೇಲೆ ಸಡಿಲ ಬಿಡಿ. ಉಸಿರು ಕಟ್ಟಿ, ಮೊಣಕೈ ಊರಿ ಒಮ್ಮೆಲೇ ಎದ್ದರೆ ಹೊಟ್ಟೆಯ ಒತ್ತಡ ನೇರ ಮೂತ್ರಕೋಶದ ಮೇಲೆ ಬೀಳುತ್ತದೆ. ನೆಲದಿಂದ ಏಳುವವರು, ನಮಾಜಿನಲ್ಲಿ ಸಜ್ದಾದಿಂದ ಏಳುವವರು ಇದೇ ಕ್ರಮವನ್ನು ಅಭ್ಯಾಸ ಮಾಡಿಕೊಳ್ಳಬಹುದು. ಇಡೀ ಗ್ರಂಥಿ ತೆಗೆದವರು ಸಾಮಾನ್ಯವಾಗಿ ಮೊದಲ ಆರು ವಾರ ಭಾರ ಎತ್ತಬಾರದು. ನೀರಿನ ಬಿಂದಿಗೆ, ಹಾಲಿನ ಕ್ಯಾನ್, ಕಬ್ಬಿನ ಹೊರೆ ಎಲ್ಲವೂ ಭಾರವೇ. ಮಂಡ್ಯ ಕಡೆ ಕಟಾವು ಶುರುವಾದರೆ ಗದ್ದೆಗೆ ಹೋಗದೆ ಇರಲಾಗುವುದಿಲ್ಲ ಎಂಬುದು ಗೊತ್ತು. ನಿಂತು ನೋಡಿಕೊಳ್ಳಿ, ಹೊರೆಗೆ ಕೈ ಹಚ್ಚಬೇಡಿ. ಗುಂಡಿ ಬಿದ್ದ ರಸ್ತೆಯಲ್ಲಿ ಬೈಕ್, ಸೈಕಲ್ ಸೀಟು, ಚಾಮುಂಡಿ ಬೆಟ್ಟದ ಮೆಟ್ಟಿಲು, ಇವು ಯಾವಾಗ ಎಂದು ಸರ್ಜನ್‌ರನ್ನೇ ಕೇಳಿ. ಸಮತಟ್ಟು ರಸ್ತೆಯ ನಡಿಗೆಯನ್ನು ಮಾತ್ರ ಬಿಡಬೇಡಿ.

ಚೇತರಿಕೆಗೆ ಒಂದು ಸಾಮಾನ್ಯ ಕ್ರಮವಿದೆ, ಅದು ಗೊತ್ತಿಲ್ಲದೆ ಜನ ಧೈರ್ಯಗೆಡುತ್ತಾರೆ. ಮೊದಲು ರಾತ್ರಿ ಒಣಗುತ್ತದೆ, ಏಕೆಂದರೆ ಮಲಗಿದಾಗ ಕೆಳಗಿನ ಸ್ನಾಯುವಿನ ಮೇಲೆ ಒತ್ತಡ ಕಡಿಮೆ. ಆಮೇಲೆ ಬೆಳಗಿನ ಹೊತ್ತು, ಆಮೇಲೆ ಕೂತಿರುವಾಗ. ಮಧ್ಯಾಹ್ನದ ಮೇಲಿನ ನಡಿಗೆ ಕೊನೆಯದು. ಬೆಳಿಗ್ಗೆ ಚೆನ್ನಾಗಿದ್ದು ಸಂಜೆ ಸೋರಿದರೆ ಕಾಯಿಲೆ ಮರುಕಳಿಸಿತು ಎಂದಲ್ಲ, ಸ್ನಾಯು ದಣಿದಿದೆ ಎಂದು. ಮಧ್ಯಾಹ್ನ ಅರ್ಧ ಗಂಟೆ ಮಲಗಿ ಎದ್ದರೆ ಸಂಜೆಗೆ ವ್ಯತ್ಯಾಸ ಕಾಣುತ್ತದೆ.

ನೀರು ಕುಡಿಯುವುದನ್ನೇ ನಿಲ್ಲಿಸುವುದು ನಾವು ನೋಡುವ ಅತಿ ಸಾಮಾನ್ಯ ತಪ್ಪು. ಮೂತ್ರ ಗಾಢವಾದರೆ ಮೂತ್ರಕೋಶ ಕೆರಳಿ ಅವಸರ ಹೆಚ್ಚುತ್ತದೆ, ಮಲವೂ ಗಟ್ಟಿಯಾಗುತ್ತದೆ. ಮಲಬದ್ಧತೆಯಿಂದ ತಿಣುಕಿದರೆ ವಾರದ ವ್ಯಾಯಾಮದ ಫಲ ಹಾಳು. ಹೃದಯ, ಕಿಡ್ನಿ ತೊಂದರೆಯಿಂದ ನೀರಿಗೆ ಮಿತಿ ಇಲ್ಲದವರು ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಕುಡಿಯಲಿ, ಹೆಚ್ಚು ಪಾಲು ಹಗಲಲ್ಲಿ. ಮುದ್ದೆ, ಸೊಪ್ಪಿನ ಸಾರು, ಕಾಳು, ಹಣ್ಣು ಊಟದಲ್ಲಿರಲಿ. ಫಿಲ್ಟರ್ ಕಾಫಿ ಬಿಡಿ ಎಂದರೆ ಮೈಸೂರಿನವರು ಕೇಳುವುದಿಲ್ಲ, ಆದರೆ ಅವಸರದ ತೊಂದರೆ ಇರುವವರು ಒಂದು ವಾರ ಕಾಫಿ, ಟೀ ಕಡಿಮೆ ಮಾಡಿ ನೋಡಲಿ. ವ್ಯತ್ಯಾಸ ಕಂಡರೆ ಬೆಳಗಿನ ಒಂದು ಲೋಟ ಉಳಿಸಿಕೊಂಡು ಸಂಜೆಯದನ್ನು ಬಿಡಲಿ. ಅವಸರ ಬಂದಾಗ ಓಡಬಾರದು. ನಿಂತುಕೊಳ್ಳಿ ಅಥವಾ ಕೂರಿ, ಐದಾರು ಸಲ ತಟ್ಟನೆ ಬಿಗಿದು ಬಿಡಿ, ಒತ್ತಡ ಇಳಿದ ಮೇಲೆ ನಡೆದೇ ಹೋಗಿ. ಹೊರಡುವ ಮುಂಚೆ ಇರಲಿ ಎಂದು ಅರ್ಧ ಗಂಟೆಗೊಮ್ಮೆ ಹೋಗುವ ಅಭ್ಯಾಸ ಬೆಳೆದರೆ ಮೂತ್ರಕೋಶ ಅಷ್ಟಕ್ಕೇ ಒಗ್ಗಿಹೋಗುತ್ತದೆ. ಎರಡು ಸಲದ ನಡುವಿನ ಅಂತರವನ್ನು ಕೆಲವು ದಿನಕ್ಕೊಮ್ಮೆ 15 ನಿಮಿಷ ಹೆಚ್ಚಿಸುತ್ತಾ ಎರಡೂವರೆ, ಮೂರು ಗಂಟೆಗೆ ತರಬೇಕು.

ಔಷಧಿ ಡಬ್ಬಿಯನ್ನೂ ನೋಡಬೇಕು. ಬಿಪಿಗೆ ಕೊಡುವ ಎನಲಾಪ್ರಿಲ್, ರಾಮಿಪ್ರಿಲ್ ಗುಂಪಿನ ಮಾತ್ರೆಗಳಿಂದ ಕೆಲವರಿಗೆ ಬಿಡದ ಒಣಕೆಮ್ಮು ಬರುತ್ತದೆ. ದಿನವಿಡೀ ಕೆಮ್ಮುವವರಿಗೆ ಯಾವ ವ್ಯಾಯಾಮವೂ ಹಿಡಿಯುವುದಿಲ್ಲ. ಮಾತ್ರೆಯನ್ನು ತಾವಾಗಿ ನಿಲ್ಲಿಸದೆ, ಬದಲಿಸಬಹುದೇ ಎಂದು ವೈದ್ಯರನ್ನು ಕೇಳಬೇಕು. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದರೆ ಮೂತ್ರದ ಪ್ರಮಾಣವೇ ಏರುತ್ತದೆ. ಬೀಡಿ, ಸಿಗರೇಟು ಕೆಮ್ಮನ್ನೂ ತರುತ್ತದೆ, ಗಾಯ ಮಾಯುವುದನ್ನೂ ತಡಮಾಡುತ್ತದೆ.

ಮೂತ್ರ ಮಾಡಿ ಬಂದು ಒಂದು ನಿಮಿಷಕ್ಕೆ ಕೆಲವು ಹನಿ ಚಡ್ಡಿಗೆ ಬೀಳುವುದು ಬೇರೆ ಸಂಗತಿ. ಮೂತ್ರನಾಳದ ಬಾಗಿದ ಭಾಗದಲ್ಲಿ ಉಳಿದದ್ದು ಅದು. ಮುಗಿದ ಮೇಲೆ ಒಮ್ಮೆ ಬಿಗಿ ಮಾಡಿ, ವೃಷಣಗಳ ಹಿಂದೆ ಬೆರಳಿಟ್ಟು ಮೆಲ್ಲಗೆ ಮೇಲಕ್ಕೂ ಮುಂದಕ್ಕೂ ಒತ್ತಿ ತಂದರೆ ಉಳಿದದ್ದು ಹೊರಬರುತ್ತದೆ.

ಸುಧಾರಣೆಯನ್ನು ಪ್ಯಾಡ್ ಎಣಿಸಿ ಅಳೆಯಬೇಡಿ. ಒಬ್ಬರು ತುಸು ಒದ್ದೆಯಾದರೆ ಬದಲಿಸುತ್ತಾರೆ, ಇನ್ನೊಬ್ಬರು ತೊಟ್ಟಿಕ್ಕುವವರೆಗೆ ಇಟ್ಟುಕೊಳ್ಳುತ್ತಾರೆ. ವಾರಕ್ಕೊಂದು ದಿನ, 24 ಗಂಟೆಯ ಪ್ಯಾಡ್‌ಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟು ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಅಷ್ಟೇ ಒಣ ಪ್ಯಾಡ್‌ಗಳ ತೂಕ ಕಳೆಯಿರಿ. ಒಂದು ಗ್ರಾಂ ಎಂದರೆ ಸುಮಾರು ಒಂದು ಮಿಲಿಲೀಟರ್. ಒಣ ಪ್ಯಾಡ್ 40 ಗ್ರಾಂ, ಒದ್ದೆಯದು 190 ಗ್ರಾಂ ತೂಗಿದರೆ ಸೋರಿದ್ದು 150 ಮಿಲಿ. ಮುಂದಿನ ತಿಂಗಳು ಇದು 80ಕ್ಕೆ ಇಳಿದಿದ್ದರೆ, ಪ್ಯಾಡ್ ಸಂಖ್ಯೆ ಅಷ್ಟೇ ಇದ್ದರೂ, ನೀವು ಗುಣವಾಗುತ್ತಿದ್ದೀರಿ. ಜೊತೆಗೆ ಮೂರು ದಿನ ಕುಡಿದದ್ದು, ಹೋದ ಹೊತ್ತು, ಅಳತೆ ಲೋಟದಲ್ಲಿ ಮೂತ್ರದ ಪ್ರಮಾಣ, ಸೋರಿದ ಸಂದರ್ಭ ಬರೆದು ತಂದರೆ ನಮ್ಮ ಅರ್ಧ ಕೆಲಸ ಮುಗಿದಂತೆ.

ಒದ್ದೆ ಪ್ಯಾಡ್ ಹೊತ್ತುಗಟ್ಟಲೆ ಇಟ್ಟುಕೊಂಡು ತೊಡೆಸಂದಿ ಕೆಂಪಾದರೆ ಬರಿ ನೀರಿನಲ್ಲಿ ತೊಳೆದು, ಒತ್ತಿ ಒರೆಸಿ, ಜಿಂಕ್ ಇರುವ ಕ್ರೀಮ್ ತೆಳುವಾಗಿ ಹಚ್ಚಬಹುದು. ಹುಳುಕಡ್ಡಿಯೆಂದು ಅಂಗಡಿಯವರು ಕೊಡುವ ಸ್ಟೀರಾಯ್ಡ್ ಬೆರೆತ ಮುಲಾಮು ಬೇಡ. ಶಿಶ್ನಕ್ಕೆ ಹಾಕುವ ಕ್ಲಾಂಪ್ ಬಳಸುವವರು ಹೆಚ್ಚೆಂದರೆ ಎರಡು ಗಂಟೆಗೊಮ್ಮೆ ಬಿಚ್ಚಲೇಬೇಕು, ರಾತ್ರಿ ಹಾಕಲೇಬಾರದು. ವೈದ್ಯರು ತೋರಿಸಿಕೊಡದೆ ಅದನ್ನು ಆನ್‌ಲೈನ್‌ನಲ್ಲಿ ತರಿಸಬೇಡಿ.

ಚಿಕಿತ್ಸೆಯ ಬಗ್ಗೆ ಇದ್ದದ್ದನ್ನು ಇದ್ದಂತೆ ಹೇಳಬೇಕು. ಬೆಲ್ಜಿಯಂನ ಲ್ಯೂವೆನ್‌ನಲ್ಲಿ 102 ಗಂಡಸರ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂರು ತಿಂಗಳಿಗೆ ಚಿಕಿತ್ಸೆ ಪಡೆದವರಲ್ಲಿ ಶೇ 88 ಮಂದಿ ಹತೋಟಿ ಪಡೆದಿದ್ದರು, ಪಡೆಯದವರಲ್ಲಿ ಶೇ 56. ಆದರೆ 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ, ಇಡೀ ಗ್ರಂಥಿ ತೆಗೆದ ಮೇಲೆ ಸೋರುತ್ತಿದ್ದವರನ್ನು ಒಂದು ವರ್ಷದ ನಂತರ ನೋಡಿದಾಗ ಥೆರಪಿಸ್ಟ್ ವ್ಯಾಯಾಮ ಕಲಿಸಿದ ಗುಂಪೂ ಕಲಿಸದ ಗುಂಪೂ ಹೆಚ್ಚುಕಮ್ಮಿ ಒಂದೇ ಆಗಿತ್ತು: ಶೇ 76 ಮತ್ತು 77 ಮಂದಿಗೆ ಒಂದಿಷ್ಟಾದರೂ ಸೋರಿಕೆ ಉಳಿದಿತ್ತು. ನಮ್ಮ ಅಭಿಪ್ರಾಯ ಇಷ್ಟು: ಸರಿಯಾಗಿ ಕಲಿತ ವ್ಯಾಯಾಮ ಮೊದಲ ತಿಂಗಳುಗಳ ಚೇತರಿಕೆಯನ್ನು ಬೇಗ ಮಾಡಬಲ್ಲದು, ಎಲ್ಲರನ್ನೂ ಪೂರ್ತಿ ಒಣಗಿಸುತ್ತದೆ ಎಂದು ಭರವಸೆ ಕೊಡಲಾಗದು. ಹಳೆಯ ಅನೇಕ ಅಧ್ಯಯನಗಳಲ್ಲಿ ಕಲಿಸಿದ್ದು, ಅಳೆದದ್ದು ಹಿಂಭಾಗದ ಸ್ನಾಯುವನ್ನೇ ಎಂಬುದನ್ನೂ ಮರೆಯಬಾರದು. ಯಂತ್ರ ಹಚ್ಚಿ ಕರೆಂಟ್ ಕೊಟ್ಟು ನೂರಕ್ಕೆ ನೂರು ಗುಣ ಮಾಡುತ್ತೇವೆ ಎಂಬ ಪ್ಯಾಕೇಜುಗಳಿಗೆ ದುಡ್ಡು ಸುರಿಯಬೇಡಿ. ಸ್ನಾಯು ಬಿಗಿಯುವುದನ್ನು ಪರದೆಯ ಮೇಲೆ ತೋರಿಸುವ ಬಯೋಫೀಡ್‌ಬ್ಯಾಕ್ ಹುಡುಕಲು ಕಷ್ಟಪಡುವವರಿಗೆ ಅನುಕೂಲ, ಎಲ್ಲರಿಗೂ ಬೇಕಿಲ್ಲ.

ಸರಿಯಾಗಿ ಮಾಡಿಯೂ ಆರು ತಿಂಗಳಿಗೆ ಏನೂ ಇಳಿಯದಿದ್ದರೆ ಮೂತ್ರರೋಗ ತಜ್ಞರ ಹತ್ತಿರ ಮುಂದಿನ ಮಾತಾಡಬೇಕು. ಮೂತ್ರನಾಳಕ್ಕೆ ಆಸರೆ ಕೊಡುವ ಸ್ಲಿಂಗ್, ಮೂತ್ರನಾಳದ ಸುತ್ತ ಪಟ್ಟಿ ಹಾಕಿ ವೃಷಣಚೀಲದಲ್ಲಿ ಪುಟ್ಟ ಪಂಪ್ ಇಡುವ ಕೃತಕ ಕವಾಟ, ಎರಡೂ ಇವೆ. ವರ್ಷಗಟ್ಟಲೆ ಡಯಾಪರ್‌ನಲ್ಲೇ ಕಳೆಯಬೇಕಾಗಿಲ್ಲ. ಧಾರೆ ದಿನೇ ದಿನೇ ಸಣ್ಣಗಾಗುತ್ತಾ ಸೋರಿಕೆ ಹೆಚ್ಚುತ್ತಿದ್ದರೆ ಹೊಲಿಗೆಯ ಜಾಗ ಕಿರಿದಾಗಿ ಮೂತ್ರ ಒಳಗೇ ಉಳಿದು ತುಂಬಿ ಚೆಲ್ಲುತ್ತಿರಬಹುದು. ಇದಕ್ಕೆ ವ್ಯಾಯಾಮ ಉತ್ತರವಲ್ಲ. ಚಳಿಜ್ವರ, ರಕ್ತದ ಗರಣೆ, ಮೂತ್ರ ಪೂರ್ತಿ ಕಟ್ಟಿಕೊಳ್ಳುವುದು, ಇವಕ್ಕೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ನಮ್ಮ ಕೋರಿಕೆ ದುಬಾರಿಯದಲ್ಲ. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್‌ನಂಥ ಸರ್ಕಾರಿ ಆಸ್ಪತ್ರೆಗಳಲ್ಲಿ ವಾರಕ್ಕೆ ಅರ್ಧ ದಿನ ಗಂಡಸರಿಗಾಗಿಯೇ ಪೆಲ್ವಿಕ್ ಫ್ಲೋರ್ ಹೊರರೋಗಿ ವಿಭಾಗ ನಡೆಯಲಿ. ಈಗಾಗಲೇ ನಡೆಯುತ್ತಿದ್ದರೆ ಯೂರಾಲಜಿ ವಾರ್ಡಿನ ಬಾಗಿಲಲ್ಲೇ ಕನ್ನಡದ ಬೋರ್ಡ್ ಹಾಕಲಿ. ಪ್ರಾಸ್ಟೇಟ್ ಆಪರೇಷನ್ ದಿನ ಗೊತ್ತುಮಾಡುವಾಗಲೇ ಫಿಸಿಯೊಥೆರಪಿಯ ಒಂದು ಭೇಟಿಯನ್ನು ಬರೆದುಬಿಡಲಿ. ಒಂದು ಗೋಪ್ಯ ಕೋಣೆ, ಒಂದು ಮಂಚ, ಒಂದು ಕನ್ನಡಿ, ಅರ್ಧ ಗಂಟೆ ಸಾಕು. ಗಂಡು ಥೆರಪಿಸ್ಟ್ ಬೇಕೆಂದು ಕೇಳುವ, ಹೆಂಡತಿಯನ್ನೋ ಮಗನನ್ನೋ ಜೊತೆಗೆ ಕೂರಿಸಿಕೊಳ್ಳುವ ಅವಕಾಶ ರೋಗಿಗೆ ಇರಲಿ. ಡಿಸ್ಚಾರ್ಜ್ ಚೀಟಿಯೊಂದಿಗೆ ಕನ್ನಡದ ಒಂದು ಹಾಳೆ ಕೊಡಲಿ, ಅದರಲ್ಲಿ "ಹಿಂಭಾಗ ಬಿಗಿ ಮಾಡಿ" ಎಂದು ಬರೆಯದಿರಲಿ.

ನಗರಪಾಲಿಕೆ ಮತ್ತು ಕೆಎಸ್‌ಆರ್‌ಟಿಸಿಯವರಿಗೂ ಒಂದು ಮಾತು. ಗಂಡಸರ ಶೌಚಾಲಯದಲ್ಲಿ ಪ್ಯಾಡ್ ಹಾಕಲು ಬುಟ್ಟಿ ಇರುವುದು ಅಪರೂಪ. ಒದ್ದೆ ಪ್ಯಾಡನ್ನು ಕವರಿನಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡು ಬಸ್ ಹತ್ತಬೇಕು, ಇಲ್ಲವೇ ಕಮೋಡಿಗೆ ಹಾಕಿ ಅದನ್ನು ಕಟ್ಟಿಸಬೇಕು. ಇದಕ್ಕೆ ಹೆದರಿಯೇ ಊರು ಬಿಟ್ಟು ಹೊರಡದವರಿದ್ದಾರೆ. ಬ್ರಿಟನ್ನಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಯುಕೆ ಸಂಸ್ಥೆ ಗಂಡಸರ ಶೌಚಾಲಯಗಳಲ್ಲಿ ಬುಟ್ಟಿ ಇಡಬೇಕೆಂದು ಅಭಿಯಾನವನ್ನೇ ನಡೆಸಿದೆ. ಮೈಸೂರಿನ ಗ್ರಾಮಾಂತರ ಮತ್ತು ನಗರ ಬಸ್ ನಿಲ್ದಾಣ, ಮಂಡ್ಯದ ಬಸ್ ನಿಲ್ದಾಣಗಳಲ್ಲಿ ಗಂಡಸರ ಕಡೆ ಬಾಗಿಲು ಹಾಕಿಕೊಳ್ಳಬಹುದಾದ ಕನಿಷ್ಠ ಒಂದು ಶೌಚಾಲಯದೊಳಗೆ ಮುಚ್ಚಳವಿರುವ ಬುಟ್ಟಿ, ಬ್ಯಾಗ್ ನೇತುಹಾಕಲು ಒಂದು ಕೊಕ್ಕೆ, ನೀರಿನ ನಲ್ಲಿ ಇರಲಿ. ಬುಟ್ಟಿಯನ್ನು ದಿನಾ ಖಾಲಿ ಮಾಡುವವರಿಗೆ ಕೈಗವಸು ಕೊಡುವ ಏರ್ಪಾಡೂ ಆಗಲಿ.

ಇತಿ,
ಪೆಲ್ವಿಕ್ ಫ್ಲೋರ್ ಚಿಕಿತ್ಸೆಯಲ್ಲಿ ತೊಡಗಿರುವ ಫಿಸಿಯೊಥೆರಪಿಸ್ಟರು
ಮೈಸೂರು